ಧೂಮಕೇತುವಿನ ಹ್ಯಾಲಿ ಕಡಲ ತಳಕ್ಕಿಳಿದ ಕಥೆ

ನಮ್ಮ ಡೆಂಕಣಿಕೋಟೆಗೂ ಕಡಲಿಗೂ ಬಹು ದೂರ. ಬೇಟರಾಯಸ್ವಾಮಿ ದೇವಸ್ಥಾನದ ಬಳಿ ನಿಂತು ನೋಡಿದರೆ ಕಾಣುವುದು ಬೆಟ್ಟ, ಬೆಟ್ಟದ ಆಚೆ ಆನೆಗಳಿರುವ ಕಾಡು. ನೀರೆಂದರೆ ನಮಗೆ ಕೆರೆ, ಇಲ್ಲವೇ ಬಾವಿ. ಬೆಳಗೆದ್ದರೆ ಅಲೆಯ ಸದ್ದು ಕೇಳುವ ಕಾಸರಗೋಡಿನ ಓದುಗರಿಗೆ ನನ್ನಂಥವನು ಕಡಲ ವಿಷಯ ಹೇಳಹೊರಟರೆ ನಗು ಬಂದೀತು. ಆದರೆ ಈ ಬರಹ ಮೊದಲಾದದ್ದು ಒಂದು ಬಾವಿಯಲ್ಲಿ.

ನಾನಾಗ ಏಳನೆಯ ತರಗತಿಯಲ್ಲಿದ್ದೆ. ಚಿಕ್ಕಪ್ಪನ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿಯೊಂದಿತ್ತು. ಪಂಪಿನ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಏರದೆ ಹೋದಾಗ ಮುಳುಗಿ ಬಿಡಿಸಲು ಒಬ್ಬ ಆಳನ್ನು ಕರೆಸಿದ್ದರು. ತೆಲುಗು ಮಾತಿನ ಮನುಷ್ಯ. ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯಲಾರೆನೆಂದು ಹಠ ಹಿಡಿದ. ಎರಡಾಳು ಆಳದ ನೀರಿಗೆ ಹಗ್ಗವೇ ಎಂದು ನಾವು ಹುಡುಗರು ನಕ್ಕೆವು. ಮೂರನೆಯ ಸಲ ಮುಳುಗಿದಾಗ ತಳದ ಕೆಸರು ಕದಡಿತು. ಮೇಲಕ್ಕೆ ಬರುತ್ತಿದ್ದೇನೆಂದು ತಿಳಿದು ಆತ ಬದಿಯ ಕಲ್ಲಿನ ಪೊಟರೆಯೊಳಗೆ ತಲೆ ತೂರಿಸಿದ್ದ. ಹೊತ್ತು ಮೀರಿತೆಂದು ಚಿಕ್ಕಪ್ಪ ಹಗ್ಗ ಜಗ್ಗಿದ್ದರಿಂದ ಬದುಕಿದ. ಮೇಲೆ ಬಂದವನು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ನೀರಿನೊಳಗೆ ಮನುಷ್ಯನಿಗೆ ಮೇಲು ಯಾವುದು, ಕೆಳಗು ಯಾವುದು ಎಂಬುದೇ ಮರೆತುಹೋಗಬಹುದೆಂದು ಆ ದಿನ ನನಗೆ ತಿಳಿಯಿತು.

ಇದು ಮತ್ತೆ ನೆನಪಾದದ್ದು ತರಗತಿಯಲ್ಲಿ ಧೂಮಕೇತುವಿನ ಪಾಠ ನಡೆದಿದ್ದಾಗ. ಮುರ್ಡೇಶ್ವರಕ್ಕೆ ಹೋಗಿಬಂದಿದ್ದ ಹುಡುಗನೊಬ್ಬ ಪಾಠಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಯೊಂದನ್ನು ಕೇಳಿದ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಜನ ಕಡಲಿಗೆ ಮುಳುಗುತ್ತಾರಂತೆ. ಮುಳುಗಿದವರು ಮೀನು ನೋಡುತ್ತ ಅತ್ತಿತ್ತ ಹೋದ ಮೇಲೆ ಮರಳಿ ತಮ್ಮ ದೋಣಿಯನ್ನು ಹೇಗೆ ಕಂಡುಹಿಡಿಯುತ್ತಾರೆ ಎಂದು ಅವನಿಗೆ ಸಂಶಯ. ಗೊತ್ತಿಲ್ಲವೆಂದು ಒಪ್ಪಿಕೊಂಡು ಮನೆಗೆ ಬಂದು ಪುಸ್ತಕ ತೆರೆದೆ. ಹುಡುಕುತ್ತ ಹೋದರೆ ಅಲ್ಲಿಯೂ ಸಿಕ್ಕಿದ ಹೆಸರು ಪಾಠದಲ್ಲಿದ್ದ ಎಡ್ಮಂಡ್ ಹ್ಯಾಲಿಯದೇ. ಆಕಾಶದ ಹ್ಯಾಲಿಯನ್ನು ಎಲ್ಲರೂ ಬಲ್ಲರು. ಕಡಲ ಹ್ಯಾಲಿಯನ್ನು ಬಲ್ಲವರು ಕಡಿಮೆ.

ಹ್ಯಾಲಿ ಹುಟ್ಟಿದ್ದು 1656ರಲ್ಲಿ, ಲಂಡನ್ನಿನ ಅಂಚಿನ ಹ್ಯಾಗರ್ಸ್ಟನ್ ಎಂಬಲ್ಲಿ. ತಂದೆ ಸಾಬೂನು ಕಾಯಿಸಿ ಮಾರುವ ಸಿರಿವಂತ ವ್ಯಾಪಾರಿ. ಮಗನಿಗೆ ಓದಿನ ಹುಚ್ಚು, ಅದರಲ್ಲೂ ನಕ್ಷತ್ರಗಳ ಹುಚ್ಚು. ತಂದೆ ಅದಕ್ಕೆ ಅಡ್ಡಿ ಮಾಡಲಿಲ್ಲ, ಬೇಕಾದ ಉಪಕರಣಗಳನ್ನೆಲ್ಲ ಕೊಡಿಸಿದ. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದಾಗಲೇ, 1672ರಲ್ಲಿ, ಈ ಹುಡುಗ ದಿಕ್ಸೂಚಿಯ ಮುಳ್ಳನ್ನು ಅಳೆದು ನೋಡಿದ. ಮುಳ್ಳು ನೇರ ಉತ್ತರವನ್ನು ತೋರಿಸಬೇಕಷ್ಟೆ? ತೋರಿಸುತ್ತಿರಲಿಲ್ಲ. ಎರಡೂವರೆ ಡಿಗ್ರಿ ಪಶ್ಚಿಮಕ್ಕೆ ವಾಲಿತ್ತು. ಇನ್ನೂ ಸೋಜಿಗವೆಂದರೆ 1580ರಲ್ಲಿ ಅದೇ ಲಂಡನ್ನಿನಲ್ಲಿ ಮುಳ್ಳು ಹನ್ನೊಂದು ಡಿಗ್ರಿಗೂ ಮಿಕ್ಕಿ ಪೂರ್ವಕ್ಕೆ ವಾಲಿತ್ತು. ಹ್ಯಾಲಿ ತೊಟ್ಟಿಲಲ್ಲಿದ್ದ ಕಾಲಕ್ಕೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಬಂದು, ಅದನ್ನೂ ದಾಟಿ ಪಶ್ಚಿಮಕ್ಕೆ ಸರಿದಿತ್ತು. ನಾವಿಕನು ಜೀವವನ್ನೇ ಒಪ್ಪಿಸಿದ ಮುಳ್ಳು ಹೀಗೆ ಸದ್ದಿಲ್ಲದೆ ಜಾರುತ್ತಿರುವುದು ಹದಿನಾರು ವರ್ಷದ ಹುಡುಗನ ಮನಸ್ಸನ್ನು ಕೊರೆಯಿತು. ಆ ಕೊರೆತ ಮುಂದೆ ಬಹುಕಾಲ ಬಿಡಲಿಲ್ಲ.

ಆಕ್ಸ್‌ಫರ್ಡಿಗೆ ಸೇರಿದವನು ಪದವಿ ಮುಗಿಸುವ ಮೊದಲೇ, ಇಪ್ಪತ್ತರ ಪ್ರಾಯದಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಹಡಗು ಹತ್ತಿ ದಕ್ಷಿಣ ಅಟ್ಲಾಂಟಿಕ್ಕಿನ ಸೇಂಟ್ ಹೆಲೆನಾ ದ್ವೀಪಕ್ಕೆ ಹೊರಟುಬಿಟ್ಟ. ಅಲ್ಲಿ ಕುಳಿತು ದಕ್ಷಿಣದ ಆಕಾಶದ 341 ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದ. ಹಿಂತಿರುಗಿದ ಮೇಲೆ, 1678ರಲ್ಲಿ, ಇಪ್ಪತ್ತೆರಡಕ್ಕೇ ರಾಯಲ್ ಸೊಸೈಟಿಯ ಸದಸ್ಯನಾದ. 1684ರಲ್ಲಿ ತಂದೆ ಒಂದು ದಿನ ಮನೆಯಿಂದ ಹೊರಟವನು ಮರಳಲಿಲ್ಲ. ಕೆಲವು ವಾರಗಳ ಬಳಿಕ ನದಿಯೊಂದರ ಬಳಿ ಶವ ಸಿಕ್ಕಿತು. ಅದೇ ವರ್ಷ ಆತ ಕೇಂಬ್ರಿಜ್ಜಿಗೆ ಹೋಗಿ ನ್ಯೂಟನ್ನನನ್ನು ಕಂಡು, ಗ್ರಹಗಳ ಪಥದ ಪ್ರಶ್ನೆ ಕೇಳಿ, ಆ ಸಂಕೋಚದ ಮನುಷ್ಯನಿಂದ ಪ್ರಿನ್ಸಿಪಿಯ ಎಂಬ ಮಹಾಗ್ರಂಥವನ್ನು ಬರೆಯಿಸಿದ್ದು ವಿಜ್ಞಾನ ಓದಿದವರಿಗೆಲ್ಲ ತಿಳಿದ ಸಂಗತಿ. ರಾಯಲ್ ಸೊಸೈಟಿ ತನ್ನ ಹಣವನ್ನೆಲ್ಲ ಮೀನುಗಳ ಮೇಲಿನ ಒಂದು ದುಬಾರಿ ಪುಸ್ತಕಕ್ಕೆ ಸುರಿದು ಬರಿಗೈಯಾಗಿತ್ತು. ಆದ್ದರಿಂದ ಪ್ರಿನ್ಸಿಪಿಯದ ಮುದ್ರಣದ ಖರ್ಚನ್ನು 1687ರಲ್ಲಿ ಹ್ಯಾಲಿಯೇ ಕೊಟ್ಟ. ಆಗ ಆತ ಸೊಸೈಟಿಯ ಗುಮಾಸ್ತ. ವರ್ಷದ ಸಂಬಳ ಐವತ್ತು ಪೌಂಡು. ಅದರ ಬದಲಿಗೆ ಮಾರಾಟವಾಗದೆ ಉಳಿದ ಆ ಮೀನಿನ ಪುಸ್ತಕದ ಐವತ್ತು ಪ್ರತಿಗಳನ್ನು ಆತನಿಗೆ ಕೊಡಲು ಮುಂದಾದರು! ಸಂಬಳ ತಡವಾದಾಗಲೆಲ್ಲ ನಮ್ಮ ಸಿಬ್ಬಂದಿ ಕೋಣೆಯಲ್ಲಿ ನಾನು ಈ ಕಥೆ ಹೇಳುವುದುಂಟು.

ಮೀನಿನ ಪುಸ್ತಕ ಪಡೆದವನು ಕೆಲವೇ ವರ್ಷಗಳಲ್ಲಿ ಮೀನುಗಳ ನಡುವೆ ಇಳಿಯಬೇಕಾಯಿತು.

1691ರಲ್ಲಿ ಆಫ್ರಿಕದಿಂದ ಚಿನ್ನವನ್ನೂ ಆನೆಯ ದಂತವನ್ನೂ ತುಂಬಿಕೊಂಡು ಬರುತ್ತಿದ್ದ ಗಿನಿ ಎಂಬ ಹಡಗು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪ್ಯಾಗಮ್ ಎಂಬಲ್ಲಿ ಮುಳುಗಿತು. ಅದು ರಾಯಲ್ ಆಫ್ರಿಕನ್ ಕಂಪೆನಿಯ ಹಡಗು. ಆ ಕಂಪೆನಿ ಮನುಷ್ಯರನ್ನೂ ಮಾರುತ್ತಿತ್ತು, ಇದನ್ನು ಮರೆಯಬಾರದು. ಮುಳುಗಿದ ಸರಕನ್ನು ಎತ್ತಿಕೊಡುವ ಕೆಲಸಕ್ಕೆ ಹ್ಯಾಲಿ ಕೈಹಾಕಿದ.

ಮುಳುಗುವುದಕ್ಕೆ ಆಗ ಇದ್ದ ಸಾಧನವೆಂದರೆ ಮುಳುಗು ಗಂಟೆ. ಇದನ್ನು ತಿಳಿಯಲು ಒಂದು ಲೋಟ, ಒಂದು ಬಕೆಟ್ಟು ನೀರು ಸಾಕು. ಲೋಟವನ್ನು ಕವುಚಿ ನೇರವಾಗಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದೆ. ಲೋಟದ ಬದಲು ದೊಡ್ಡದೊಂದು ಮರದ ಗಂಟೆ, ಅದರ ಗಾಳಿಯಲ್ಲಿ ಉಸಿರಾಡುತ್ತ ಕುಳಿತ ಮನುಷ್ಯ. ಇಷ್ಟೇ. ಆದರೆ ಆಳಕ್ಕಿಳಿದಂತೆ ನೀರಿನ ಒತ್ತಡಕ್ಕೆ ಗಾಳಿ ಕುಗ್ಗುತ್ತದೆ. 33 ಅಡಿ ಇಳಿಯುವಷ್ಟರಲ್ಲಿ ಗಂಟೆಯ ಅರ್ಧ ಭಾಗ ನೀರು ತುಂಬಿರುತ್ತದೆ. ಉಳಿದ ಗಾಳಿಯೂ ಉಸಿರಾಡಿ ಉಸಿರಾಡಿ ಬೇಗನೆ ಕೆಡುತ್ತದೆ. ಹಳೆಯ ಗಂಟೆಗಳಲ್ಲಿ ಇಳಿದವರು ಸ್ವಲ್ಪ ಹೊತ್ತಿನಲ್ಲೇ ಏರಿಬರಬೇಕಾಗಿತ್ತು.

ಹ್ಯಾಲಿಯ ಗಂಟೆ ಎಂಟು ಅಡಿ ಎತ್ತರ, ತಳದಲ್ಲಿ ಐದು ಅಡಿ ಅಗಲ, ನೆತ್ತಿಯಲ್ಲಿ ಮೂರು ಅಡಿ. ಮುಳುಗಲೆಂದು ಹೊರಮೈಗೆ ಸೀಸದ ಹೊದಿಕೆ. ಬೆಳಕು ಬರಲು ನೆತ್ತಿಯಲ್ಲೊಂದು ದಪ್ಪ ಗಾಜು, ಕೆಟ್ಟ ಬಿಸಿ ಗಾಳಿಯನ್ನು ಹೊರಬಿಡಲು ಅದರ ಬಳಿಯಲ್ಲೊಂದು ತಿರುಪು ನಲ್ಲಿ. ಆತನ ಜಾಣತನ ಕಾಣುವುದು ಪೀಪಾಯಿಗಳಲ್ಲಿ. ಸೀಸ ಹೊದಿಸಿದ ಎರಡು ಪೀಪಾಯಿಗಳು ಬಾವಿಯ ಜೋಡಿ ಕೊಡಗಳಂತೆ ಒಂದು ಇಳಿಯುತ್ತ ಒಂದು ಏರುತ್ತ ಹಡಗಿನಿಂದ ಗಾಳಿಯನ್ನು ತರುತ್ತಿದ್ದವು. ಪೀಪಾಯಿಯ ತಳದಲ್ಲಿ ತೂತು, ಮೇಲ್ಭಾಗದಲ್ಲಿ ತೊಗಲಿನ ನಳಿಗೆ. ಇಳಿಯುವಾಗ ನಳಿಗೆಯ ತುದಿ ಕೆಳಗೆ ಜೋತುಬಿದ್ದಿರುವುದರಿಂದ ಗಾಳಿ ಹೊರಹೋಗದು. ಗಂಟೆಯೊಳಗಿನವನು ಅದನ್ನು ಹಿಡಿದು ಮೇಲಕ್ಕೆತ್ತಿದೊಡನೆ, ಪೀಪಾಯಿಯ ತಳದಿಂದ ನೀರು ನುಗ್ಗಿ, ಗಾಳಿಯೆಲ್ಲ ಭರ್ರನೆ ಗಂಟೆಯೊಳಕ್ಕೆ. ಹನ್ನೆರಡು ಅಡಿ ಇಳಿಯುವುದು, ನಿಲ್ಲುವುದು, ಮೂರುನಾಲ್ಕು ಪೀಪಾಯಿ ಗಾಳಿ ತುಂಬಿ ಒಳಬಂದ ನೀರನ್ನು ಹೊರದೂಡುವುದು, ಮತ್ತೆ ಇಳಿಯುವುದು. ಹೀಗೆ ಆತ ಇಳಿದ.

ತಾನೇ ಇಳಿದ ಎಂಬುದನ್ನು ಒತ್ತಿ ಹೇಳಬೇಕು. ಮೇಲೆ ನಿಂತು ಕೂಲಿಯವರನ್ನು ಇಳಿಸಿ ಲೆಕ್ಕ ಬರೆದುಕೊಳ್ಳಬಹುದಿತ್ತು. ಹ್ಯಾಲಿ ಇನ್ನು ನಾಲ್ವರ ಜೊತೆ ಒಂಬತ್ತು ಹತ್ತು ಮಾರು ಆಳದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕುಳಿತಿದ್ದ. ಯಾರಿಗೂ ಏನೂ ಆಗಲಿಲ್ಲವೆಂದು ಬರೆದಿಟ್ಟಿದ್ದಾನೆ. ಅಷ್ಟು ಆಳದಲ್ಲಿ ಅಷ್ಟು ಹೊತ್ತು ಇದ್ದವರು ನೇರವಾಗಿ ಮೇಲಕ್ಕೆ ಬರಬಾರದು, ನಡುವೆ ತಡೆದು ತಡೆದು ಬರಬೇಕು ಎಂಬುದು ಇಂದಿನ ಮುಳುಗುವವರ ಕೋಷ್ಟಕಗಳಲ್ಲಿದೆ. ಅಂಥ ಕೋಷ್ಟಕ ಮೊದಲು ಬಂದದ್ದು 1908ರಲ್ಲಿ, ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯಿಂದ. ಹ್ಯಾಲಿಯ ಕಾಲದಲ್ಲಿ ಇದರ ಸುಳಿವೇ ಇರಲಿಲ್ಲ. ಆತನ ಅದೃಷ್ಟ ದೊಡ್ಡದು.

ಕಿವಿನೋವನ್ನು ಮಾತ್ರ ಎಲ್ಲರೂ ಉಂಡರು. ಗರಿಯ ಲೇಖನಿಯನ್ನು ಕಿವಿಯೊಳಗೆ ಚುಚ್ಚಿದಂತಾಗುತ್ತಿತ್ತಂತೆ. ಅತಿ ಜಾಣನೊಬ್ಬ ಕಾಗದವನ್ನು ಜಗಿದು ಕಿವಿಗೆ ತುರುಕಿಕೊಂಡು ಇಳಿದ. ನೀರಿನ ಒತ್ತಡ ಅದನ್ನು ಒಳಕ್ಕೆ ನೂಕಿಬಿಟ್ಟಿತು, ವೈದ್ಯನು ಅದನ್ನು ತೆಗೆಯುವಷ್ಟರಲ್ಲಿ ಸಾಕೋಸಾಕಾಯಿತು.

ಬಿಸಿಲಿದ್ದು ಕಡಲು ತಿಳಿಯಾಗಿದ್ದರೆ ಗಂಟೆಯೊಳಗೆ ಓದಿ ಬರೆಯುವಷ್ಟು ಬೆಳಕು. ಕಡಲು ಕದಡಿದ್ದರೆ ನಡುರಾತ್ರಿಯ ಕತ್ತಲೆ, ಆಗ ಮೇಣದಬತ್ತಿ ಹಚ್ಚಿಕೊಳ್ಳುತ್ತಿದ್ದರು. ಒಂದು ಬತ್ತಿ ಒಬ್ಬ ಮನುಷ್ಯನಷ್ಟೇ ಗಾಳಿಯನ್ನು ತಿನ್ನುತ್ತದೆಂದು ಹ್ಯಾಲಿ ಲೆಕ್ಕ ಹಾಕಿದ. ಒಂದು ದಿನ ತನ್ನ ಕೈಯನ್ನೇ ನೋಡಿಕೊಂಡ. ಮೇಲಿನ ಗಾಜಿನಿಂದ ಬಿಸಿಲು ಬಿದ್ದ ಮೇಲ್ಭಾಗ ಗುಲಾಬಿಯಂತೆ ಕೆಂಪಾಗಿ, ಕೆಳಗಿನ ನೀರಿನ ಬೆಳಕು ಬಿದ್ದ ಅಡಿಭಾಗ ಹಸಿರಾಗಿ ಕಂಡಿತು. ಈ ಸಂಗತಿಯನ್ನು ನ್ಯೂಟನ್ ಬೆಳಕಿನ ಮೇಲಿನ ತನ್ನ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ.

ಗಂಟೆ ತಾನಾಗಿ ನಡೆಯುವುದಿಲ್ಲ. ಅದನ್ನು ಅತ್ತ ಸರಿಸಿ ಇತ್ತ ಸರಿಸಿ ಎಂದು ಮೇಲಿನವರಿಗೆ ತಿಳಿಸುವುದು ಹೇಗೆ? ಹ್ಯಾಲಿ ಕಬ್ಬಿಣದ ಮೊನೆಯಿಂದ ಸೀಸದ ಸಣ್ಣ ತಗಡಿನ ಮೇಲೆ ಗೀಚಿ, ಬರಿದಾದ ಪೀಪಾಯಿಯ ಜೊತೆ ಮೇಲಕ್ಕೆ ಕಳುಹಿಸುತ್ತಿದ್ದ. ಕಡಲ ತಳದಿಂದ ದೋಣಿಗೆ ಅಂಚೆ! ಆದರೂ ಗಂಟೆಯನ್ನು ಮುರಿದ ಹಡಗಿನ ಸಂದುಗೊಂದಿಗೆಲ್ಲ ಒಯ್ಯಲಾಗದು. ಮನುಷ್ಯನೇ ಗಂಟೆಯಿಂದ ಹೊರಗೆ ಹೋಗಬೇಕು. ಹೋದವನು ಉಸಿರಾಡಬೇಕು, ಮರಳಿಯೂ ಬರಬೇಕು.

ಇದಕ್ಕೆ ಆತ ಮಾಡಿದ್ದು ಒಂದು ಟೋಪಿ. ಸೀಸದ ಭಾರವಾದ ಟೋಪಿ, ಮುಖದ ಮುಂದೆ ಗಾಜು, ಒಂದು ಪುಟ್ಟ ಮುಳುಗು ಗಂಟೆಯೇ ಅನ್ನಿ. ದೊಡ್ಡ ಗಂಟೆಯಿಂದ ಈ ಟೋಪಿಗೆ ಗಾಳಿ ತರಲು ಬಳುಕುವ ಕೊಳವೆ. ಹಿತ್ತಾಳೆಯ ತಂತಿಯನ್ನು ಸುರುಳಿ ಸುತ್ತಿ, ಅದರ ಮೇಲೆ ಕೈಚೀಲದ ತೆಳು ತೊಗಲು ಹೊದಿಸಿ, ಎಣ್ಣೆ ಜೇನುಮೇಣಗಳಲ್ಲಿ ಅದ್ದಿ, ಕುರಿಯ ಕರುಳನ್ನು ಪದರ ಪದರವಾಗಿ ಎಳೆದು ಮಾಡಿದ ಕೊಳವೆ. ಉದ್ದ ಸುಮಾರು ನಲವತ್ತು ಅಡಿ. ಗಂಟೆಯೊಳಗಿನ ನೀರಿನ ಮಟ್ಟಕ್ಕಿಂತ ತಲೆ ಎತ್ತರದಲ್ಲಿರುವಷ್ಟು ಹೊತ್ತು ಗಾಳಿ ತಾನಾಗಿ ಟೋಪಿಗೆ ಹರಿಯುತ್ತದೆ, ತಲೆ ತಗ್ಗಿಸಿದರೆ ನಿಲ್ಲುತ್ತದೆ. ಈ ಕೊಳವೆಯನ್ನು ಮುಳುಗುವವನು ತೋಳಿಗೆ ಸುತ್ತಿಕೊಂಡು, ಬಿಚ್ಚುತ್ತ ಬಿಚ್ಚುತ್ತ ಮುಂದೆ ಹೋಗುತ್ತಿದ್ದ. ಮರಳುವಾಗ ಅದನ್ನೇ ಹಿಡಿದು ಸುತ್ತಿಕೊಳ್ಳುತ್ತ ಗಂಟೆಗೆ ಬಂದು ಮುಟ್ಟುತ್ತಿದ್ದ. ಉಸಿರನ್ನು ತರುವ ಕೊಳವೆಯೇ ದಾರಿ ತೋರಿಸುವ ದಾರವೂ ಆಯಿತು. 1716ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ, ನೀರಿನಡಿಯಲ್ಲಿ ಬಾಳುವ ವಿದ್ಯೆಯ ಕುರಿತ ತನ್ನ ಲೇಖನದಲ್ಲಿ ಹ್ಯಾಲಿ ಈ ಎರಡನೆಯ ಉಪಯೋಗವನ್ನು ಮರೆಯದೆ ಹೇಳಿದ್ದಾನೆ. ಅದನ್ನು ಓದಿದಾಗ ಬಾವಿಗಿಳಿದ ಆ ತೆಲುಗಿನ ಮನುಷ್ಯನೂ ಅವನ ಸೊಂಟದ ಹಗ್ಗವೂ ನನ್ನ ಕಣ್ಣ ಮುಂದೆ ಬಂದವು.

1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ಎಂಬಿಬ್ಬರು ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರಿಗೆ ಬೇಡಿದಷ್ಟೇ ಗಾಳಿ ಬಿಡುವ ಕವಾಟವನ್ನು ಅಳವಡಿಸಿದರು. ಕೊಳವೆ ಹೋಯಿತು. ಮನುಷ್ಯ ಮೀನಿನಂತೆ ಸ್ವತಂತ್ರನಾದ. ಆದರೆ ಕೊಳವೆಯ ಜೊತೆ ಹಿಂದಿರುಗುವ ದಾರವೂ ಹೋಯಿತು. ಹುಡುಗನ ಪ್ರಶ್ನೆ ಹುಟ್ಟುವುದು ಇಲ್ಲಿ.

ನೀರಿನಡಿಯಲ್ಲಿ ದಾರಿ ತಪ್ಪುವುದು ದಡ್ಡತನದಿಂದಲ್ಲ. ನೀರು ನಮ್ಮ ಇಂದ್ರಿಯಗಳನ್ನೇ ಮೋಸಗೊಳಿಸುತ್ತದೆ. ಮುಖಕ್ಕೆ ತೊಟ್ಟ ಗಾಜಿನ ಮೂಲಕ ನೋಡಿದ ವಸ್ತು ಇರುವುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತದೆ. ಸದ್ದು ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿ ವೇಗವಾಗಿ ಬಂದು ಎರಡು ಕಿವಿಗಳಿಗೂ ಒಟ್ಟಿಗೇ ಬಡಿದಂತಾಗುತ್ತದೆ. ದೋಣಿಯ ಇಂಜಿನಿನ ಸದ್ದು ಕೇಳಿದರೂ ಯಾವ ದಿಕ್ಕಿನಿಂದ ಎಂದು ತಿಳಿಯದು. ಸೆಳವು ಮೆಲ್ಲನೆ ಬದಿಗೆ ತಳ್ಳುತ್ತಿದ್ದರೆ ಗೊತ್ತಾಗುವುದೇ ಇಲ್ಲ. ಹಾಗಾದರೆ ಮೇಲಕ್ಕೆ ಬಂದು ನೋಡಿದರಾಯಿತಲ್ಲ ಎನ್ನಬಹುದು. ನೋಡಬಹುದು, ಆದರೆ ಪುನಃ ಪುನಃ ಏರಿಳಿಯುವುದು ದೇಹಕ್ಕೆ ಒಳ್ಳೆಯದಲ್ಲ. ಅವಸರದಲ್ಲಿ ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶವೇ ಹರಿಯಬಹುದು. ದೋಣಿಯಿಂದ ದೂರದಲ್ಲಿ ಎದ್ದವನನ್ನು ಸೆಳವು ಇನ್ನೂ ದೂರಕ್ಕೆ ಒಯ್ಯುತ್ತದೆ, ಅಲೆಗಳ ನಡುವೆ ಒಂದು ತಲೆ ದೋಣಿಯವರಿಗೆ ಕಾಣುವುದೂ ಕಷ್ಟ. ಮೀನುಗಾರರ ಊರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ಮುಳುಗುವವರು ಇಳಿಯುವ ಮೊದಲೇ ಮರಳುವ ದಾರಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆದಷ್ಟು ಲಂಗರಿನ ಹಗ್ಗ ಹಿಡಿದು ಇಳಿದು ಅದೇ ಹಗ್ಗಕ್ಕೆ ಮರಳುತ್ತಾರೆ. ಮೊದಲು ಸೆಳವಿಗೆ ಎದುರಾಗಿ ಈಜುತ್ತಾರೆ, ದಣಿದ ಮೇಲೆ ಸೆಳವೇ ಹಿಂದಕ್ಕೆ ತರಲಿ ಎಂದು. ಎಷ್ಟು ಸಲ ಕಾಲು ಬಡಿದೆವೆಂದು ಎಣಿಸುತ್ತಾರೆ. ದಡದ ಹತ್ತಿರ ತಳದ ಮರಳಿನ ಮೇಲೆ ಅಲೆ ಮೂಡಿಸಿದ ಗೆರೆಗಳು ಸಾಮಾನ್ಯವಾಗಿ ದಡಕ್ಕೆ ಸಮಾನಾಂತರವಾಗಿರುತ್ತವೆ, ಅದನ್ನೂ ನೋಡಿಕೊಳ್ಳುತ್ತಾರೆ. ಗುಹೆಯ ಒಳಕ್ಕೋ ಮುಳುಗಿದ ಹಡಗಿನ ಒಳಕ್ಕೋ ಹೋಗುವವರು ಇಂದಿಗೂ ದಾರದ ರಾಟೆಯೊಂದನ್ನು ಬಿಚ್ಚುತ್ತ ಹೋಗುತ್ತಾರೆ. ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಆಪತ್ತಿಗೆ ಎಂದು ಹಂಚುತ್ತಾರೆ. ಇದಲ್ಲದೆ ಪ್ರತಿಯೊಬ್ಬನ ಮಣಿಕಟ್ಟಿನಲ್ಲಿ ಇರಬೇಕಾದದ್ದು ದಿಕ್ಸೂಚಿ. ಹೋಗುವಾಗ ಮುಳ್ಳು ತೋರಿಸಿದ ಡಿಗ್ರಿಯನ್ನು ನೆನಪಿಟ್ಟು, ಮರಳುವಾಗ ಅದಕ್ಕೆ 180 ಕೂಡಿಸಿ ಅಥವಾ ಕಳೆದು ಆ ದಿಕ್ಕಿಗೆ ಈಜಿದರೆ ದೋಣಿಯ ಬಳಿಗೆ ಬರಬಹುದು. ಕೊಳವೆ ಹೋದ ಮೇಲೆ ಅದರ ಅರ್ಧ ಕೆಲಸವನ್ನು ವಹಿಸಿಕೊಂಡದ್ದು ಈ ಮುಳ್ಳು.

ಆ ಮುಳ್ಳಿನ ಹಿಂದೆಯೂ ಹ್ಯಾಲಿಯೇ ಹೋದ, ಅದೂ ಜೀವವನ್ನು ಪಣಕ್ಕಿಟ್ಟು.

ದಿಕ್ಸೂಚಿಯ ಮುಳ್ಳು ಲೋಕದ ಯಾವ ಜಾಗದಲ್ಲಿ ಎಷ್ಟು ವಾಲುತ್ತದೆಂದು ಅಳೆದು ನಕ್ಷೆ ಬರೆದರೆ ನಡುಗಡಲಲ್ಲಿ ನಾವಿಕನಿಗೆ ತಾನೆಲ್ಲಿದ್ದೇನೆಂದು ತಿಳಿಯಬಹುದು. ಇದು ಆತನ ಆಸೆ. 1698ರಲ್ಲಿ ಅರಸ ಮೂರನೆಯ ವಿಲಿಯಮ್ಮನ ಸರಕಾರ ಪ್ಯಾರಮೋರ್ ಎಂಬ ಸಣ್ಣ ಹಡಗನ್ನು ಕೊಟ್ಟು ಹ್ಯಾಲಿಯನ್ನೇ ಕಪ್ತಾನನನ್ನಾಗಿ ಮಾಡಿತು. 52 ಅಡಿ ಉದ್ದದ ಹಡಗು. ನೌಕಾಪಡೆಯಲ್ಲಿ ಬೆಳೆದು ಬಂದವನಲ್ಲದ ವಿದ್ವಾಂಸನೊಬ್ಬ ಅರಸನ ಹಡಗಿಗೆ ಕಪ್ತಾನನಾದದ್ದು ಹಡಗಿನವರಿಗೆ ರುಚಿಸಲಿಲ್ಲ. ಅವನ ಕೈಕೆಳಗಿನ ಅಧಿಕಾರಿ ಹ್ಯಾರಿಸನ್ ಎಂಬವನು ಹಿಂದೆ ರೇಖಾಂಶದ ವಿಷಯದಲ್ಲಿ ಪುಸ್ತಕವೊಂದನ್ನು ಬರೆದು ವಿದ್ವಾಂಸರ ಅವಗಣನೆಗೆ ಗುರಿಯಾದವನು. ಆ ಕಹಿ ಹಡಗಿನ ಮೇಲೆ ಹೊರಬಂದಿತು. ಹೇಳಿದ ಮಾತು ಕೇಳನು, ಎಲ್ಲರೆದುರಿಗೆ ಹೀಯಾಳಿಸುವನು. ಕೊನೆಗೆ ಹ್ಯಾಲಿ ಅವನನ್ನು ಕೋಣೆಯಲ್ಲಿ ಕೂರಿಸಿ, ಅಟ್ಲಾಂಟಿಕ್ಕಿನ ಆಚೆಯಿಂದ ಹಡಗನ್ನು ತಾನೇ ದಾರಿ ಹಿಡಿದು ಇಂಗ್ಲೆಂಡಿಗೆ ತಂದ. ಪುಸ್ತಕದ ಹುಳುವೆಂದು ನಕ್ಕವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ವಿಚಾರಣೆ ನಡೆಸಿದ ನೌಕಾ ನ್ಯಾಯಾಲಯ ಹ್ಯಾರಿಸನ್ನನನ್ನು ಬರಿಯ ಬೈಗುಳದಲ್ಲಿ ಬಿಟ್ಟಿತು.

1699ರ ಸೆಪ್ಟೆಂಬರಿನಲ್ಲಿ ಎರಡನೆಯ ಯಾನ. ಹೊರಟು ಬಹಳ ದಿನಗಳಾಗಿರಲಿಲ್ಲ. ಕಪ್ತಾನನ ಕೋಣೆಯ ಚಾಕರಿಯ ಹುಡುಗ ಮ್ಯಾನ್ಲಿ ವೈಟ್ ಹಡಗಿನಿಂದ ಕಡಲಿಗೆ ಬಿದ್ದ. ಹ್ಯಾಲಿ ಕೂಡಲೇ ಹಡಗನ್ನು ತಿರುಗಿಸಿದ, ಹಿಡಿದುಕೊಳ್ಳಲೆಂದು ಹುಟ್ಟೊಂದನ್ನು ಎಸೆಯಿಸಿದ. ಅಲೆ ದೊಡ್ಡದಿತ್ತು, ಹಡಗು ವೇಗದಲ್ಲಿತ್ತು. ಹುಡುಗ ಸಿಗಲಿಲ್ಲ. ಐದು ಜನರನ್ನು ಕಡಲ ತಳದಲ್ಲಿ ಒಂದೂವರೆ ಗಂಟೆ ಕೂರಿಸಿ ಸುಖವಾಗಿ ಮೇಲಕ್ಕೆ ತಂದವನಿಗೆ, ಕಣ್ಣೆದುರಿಗೆ ನೀರಿನ ಮೇಲೆಯೇ ಇದ್ದ ಒಬ್ಬ ಹುಡುಗನನ್ನು ಹಡಗಿಗೆ ಮರಳಿ ತರಲಾಗಲಿಲ್ಲ. ಮುಂದೆ ಬದುಕಿನುದ್ದಕ್ಕೂ ಆ ಹುಡುಗನ ಮಾತು ಬಂದಾಗ ಹ್ಯಾಲಿಯ ಕಣ್ಣಲ್ಲಿ ನೀರು ಬಾರದೆ ಇರುತ್ತಿರಲಿಲ್ಲವೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ.

ಹಡಗು ದಕ್ಷಿಣಕ್ಕೆ ಹೋಗುತ್ತ 1700ರ ಫೆಬ್ರವರಿಯಲ್ಲಿ 52 ಡಿಗ್ರಿ ಅಕ್ಷಾಂಶ ಮುಟ್ಟಿತು. ಮುಂದೆ ಬಿಳಿಯ ದ್ವೀಪಗಳು ಕಂಡವು. ಹತ್ತಿರ ಹೋದರೆ ಅವು ದ್ವೀಪಗಳಲ್ಲ, ತೇಲುವ ಮಂಜುಗಡ್ಡೆಯ ಬೆಟ್ಟಗಳು. ಮೇಲಿನಿಂದ ದಟ್ಟ ಮಂಜು ಕವಿದು ಮುಂದಿನದು ಕಾಣದಾಯಿತು. ಜೊತೆಗೆ ಇನ್ನೊಂದು ಹಡಗಿಲ್ಲ. ಒಡೆದರೆ ಸುದ್ದಿ ಹೇಳಲೂ ಯಾರೂ ಉಳಿಯರು. ಹೇಗೋ ಪಾರಾಗಿ ಉತ್ತರಕ್ಕೆ ಬಂದರೆ, ಹಿಂದಿರುಗುವ ದಾರಿಯಲ್ಲಿ ನ್ಯೂಫೌಂಡ್‌ಲ್ಯಾಂಡಿನ ಬಳಿ ಇಂಗ್ಲಿಷ್ ಮೀನುಗಾರರೇ ಕಡಲುಗಳ್ಳರೆಂದು ತಿಳಿದು ಗುಂಡು ಹಾರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮನೆ ಸೇರಿದ.

1701ರಲ್ಲಿ ಅಟ್ಲಾಂಟಿಕ್ಕಿನ ನಕ್ಷೆ ಅಚ್ಚಾಯಿತು. ಮುಳ್ಳು ಒಂದೇ ಪ್ರಮಾಣದಲ್ಲಿ ವಾಲುವ ಸ್ಥಳಗಳನ್ನೆಲ್ಲ ಗೆರೆಯಿಂದ ಜೋಡಿಸಿ ತೋರಿಸಿದ ನಕ್ಷೆ. ಅಂಥದೊಂದು ಮುದ್ರಣವಾದದ್ದು ಅದೇ ಮೊದಲು. ಮುಂದಿನ ವರ್ಷದ ನಕ್ಷೆಯಲ್ಲಿ ನಮ್ಮ ಹಿಂದೂ ಮಹಾಸಾಗರವೂ ಸೇರಿತು. ನಮ್ಮ ಕಡಲು ಹ್ಯಾಲಿಗೆ ಹೊಸದಾಗಿರಲಿಲ್ಲ. 1686ರಲ್ಲೇ ಮುಂಗಾರು ಗಾಳಿ ಆರು ತಿಂಗಳಿಗೊಮ್ಮೆ ದಿಕ್ಕು ಬದಲಿಸುವುದನ್ನು ನಕ್ಷೆಯಲ್ಲಿ ತೋರಿಸಿ, ಬಿಸಿಲಿನ ಕಾವೇ ಗಾಳಿಗೆ ಕಾರಣವೆಂದು ವಿವರಿಸಿದ್ದ. ಮುಳ್ಳಿನ ನಕ್ಷೆಯಿಂದ ರೇಖಾಂಶ ತಿಳಿಯುವ ಆಸೆ ಮಾತ್ರ ಈಡೇರಲಿಲ್ಲ. ವರ್ಷದಿಂದ ವರ್ಷಕ್ಕೆ ಮುಳ್ಳು ಜಾರುತ್ತದಷ್ಟೆ? ನಕ್ಷೆ ಹಳತಾಗುತ್ತದೆ. ಆದರೂ ದಿಕ್ಸೂಚಿಯನ್ನು ಎಷ್ಟು ನಂಬಬೇಕು, ಎಷ್ಟು ತಿದ್ದಬೇಕು ಎಂದು ನಾವಿಕರಿಗೆ ಕಲಿಸಿದ್ದು ಆ ಗೆರೆಗಳು. ಬಹುಕಾಲ ಅವನ್ನು ಹ್ಯಾಲಿಯ ಗೆರೆಗಳೆಂದೇ ಕರೆದರು. ನೀರಿಗೆ ಮುಳುಗಿದವನಿಗೆ ಈ ತಿದ್ದುಪಡಿಯ ಗೊಡವೆಯಿಲ್ಲ. ಹೋಗುವಾಗ ಎಷ್ಟು ತಪ್ಪೋ ಬರುವಾಗಲೂ ಅಷ್ಟೇ ತಪ್ಪು, ಎರಡೂ ಹೊಂದಿಕೊಳ್ಳುತ್ತವೆ. ಅವನಿಗೆ ವೈರಿಯೆಂದರೆ ಕಬ್ಬಿಣ. ಮುಳುಗಿದ ಉಕ್ಕಿನ ಹಡಗಿನ ಪಕ್ಕದಲ್ಲಿ ಮುಳ್ಳನ್ನು ನಂಬುವಂತಿಲ್ಲ.

ಉಳಿದ ಬಾಳು ಹೆಚ್ಚು ಪರಿಚಿತ. 1704ರಲ್ಲಿ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾದ. 1705ರಲ್ಲಿ ಧೂಮಕೇತುಗಳ ಪುಸ್ತಕ ಬಂತು. 1531, 1607 ಮತ್ತು ತಾನೇ ಕಂಡ 1682ರ ಧೂಮಕೇತುಗಳು ಮೂರಲ್ಲ, ಒಂದೇ, ಅದು 1758ರಲ್ಲಿ ಮರಳುವುದು ಎಂದು ಅದರಲ್ಲಿ ಹೇಳಿದ. 1720ರಲ್ಲಿ ಗ್ರೀನಿಚ್ಚಿನ ರಾಜ ಖಗೋಳಜ್ಞನಾದಾಗ ಪ್ರಾಯ ಅರವತ್ತು ದಾಟಿತ್ತು. ಚಂದ್ರನ ಚಲನೆಯನ್ನು ಒಂದು ಪೂರ್ತಿ ಆವರ್ತ, ಎಂದರೆ ಹದಿನೆಂಟು ವರ್ಷ, ಎಡೆಬಿಡದೆ ನೋಡುವೆನೆಂದು ತೊಡಗಿದ. ಈ ಪ್ರಾಯದಲ್ಲಿ ಹದಿನೆಂಟು ವರ್ಷದ ಕೆಲಸವೇ ಎಂದು ಕೇಳುವವರು ಕೇಳಿಯಾರು. ನೋಡಿ ಮುಗಿಸಿದ. ಚಂದ್ರನ ಮೇಲೆ ಈ ಹಠವೇಕೆಂದರೆ, ಅದೂ ನಾವಿಕನಿಗಾಗಿಯೇ. ಮುಳ್ಳಿನಿಂದ ಸಿಗದ ರೇಖಾಂಶ ಚಂದ್ರನಿಂದ ಸಿಗಬಹುದೆಂಬ ಎಣಿಕೆ. 1707ರಲ್ಲಿ ತಾವೆಲ್ಲಿದ್ದೇವೆಂದು ತಿಳಿಯದೆ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗುಗಳು ತಮ್ಮದೇ ದೇಶದ ಸಿಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಮಿಕ್ಕಿ ನಾವಿಕರು ಸತ್ತಿದ್ದರು. ಮನೆಯ ಬಾಗಿಲಲ್ಲಿ ಸತ್ತಂತೆ.

ಹ್ಯಾಲಿ 1742ರಲ್ಲಿ, ಎಂಬತ್ತೈದರ ಪ್ರಾಯದಲ್ಲಿ, ಗ್ರೀನಿಚ್ಚಿನಲ್ಲಿ ತೀರಿಕೊಂಡ. ಧೂಮಕೇತುವನ್ನು 1758ರ ಕ್ರಿಸ್ಮಸ್ ರಾತ್ರಿ ಜರ್ಮನಿಯ ಪಾಲಿಟ್ಶ್ ಎಂಬ ರೈತ ಮೊದಲು ಕಂಡ. 1986ರಲ್ಲಿ ಅದು ಬಂದುಹೋದಾಗ ನಾನು ತೀರ ಚಿಕ್ಕವನು, ನೋಡಿದ ನೆನಪಿಲ್ಲ. ಇನ್ನು ಬರುವುದು 2061ಕ್ಕೆ.

ಪಾಠ ಮುಗಿದ ಮೇಲೆ ಹುಡುಗರನ್ನು ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಬೇವಿನ ಮರವೇ ದೋಣಿ ಎಂದಿಟ್ಟುಕೊಂಡೆವು. ತಲೆಯ ಮೇಲೆ ಟವೆಲು ಹೊದಿಸಿ, ಕೈಯಲ್ಲಿನ ದಿಕ್ಸೂಚಿ ಬಿಟ್ಟು ಬೇರೇನೂ ಕಾಣದಂತೆ ಮಾಡಿ, ನಲವತ್ತು ಹೆಜ್ಜೆ ಹೋಗಿ ತಿರುಗಿ ಬರಬೇಕು. ಮೊದಲು ದಿಕ್ಸೂಚಿ ಇಲ್ಲದೆ ಕಳುಹಿಸಿದೆ. ಒಬ್ಬನೂ ಮರವನ್ನು ಮುಟ್ಟಲಿಲ್ಲ, ಒಬ್ಬ ಕಾಂಪೌಂಡಿನ ಗೇಟಿಗೆ ಹೋಗಿ ಢಿಕ್ಕಿ ಹೊಡೆದ. ದಿಕ್ಸೂಚಿ ಕೊಟ್ಟ ಮೇಲೆ ಹೆಚ್ಚಿನವರು ಮರದಿಂದ ನಾಲ್ಕೈದು ಹೆಜ್ಜೆಯೊಳಗೆ ಬಂದು ನಿಂತರು. ಪ್ರಶ್ನೆ ಕೇಳಿದ್ದ ಹುಡುಗ ಮಾತ್ರ ದಾರಿ ಬಿಟ್ಟು ಹೋದ. ಹುಡುಕಿ ನೋಡಿದರೆ, ಅವನು ನಡೆದ ಕಡೆಯಲ್ಲಿ ಮೇಷ್ಟ್ರುಗಳ ಸೈಕಲ್ಲು ಮೋಟಾರುಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು.